ಬಿಲ್ಡಿಂಗ್ ದಾಟದೆ ನಾಲ್ಕು ಕಾಸು: ಮುಂಬೈಯ ಹದಿಹರೆಯದವರಿಗೆ ಸಣ್ಣ ಕೆಲಸಗಳ ಮಾರ್ಗದರ್ಶಿ

ಹದಿಹರೆಯದವರು ದುಡ್ಡು ಸಂಪಾದಿಸುವುದು ಹೇಗೆ ಅಂತ ನೆಟ್‌ನಲ್ಲಿ ಹುಡುಕಿ ನೋಡಿ. ಹುಲ್ಲು ಕತ್ತರಿಸಿ, ಹಿಮ ಬಾಚಿ, ಕಾರು ತೊಳೆಯಿರಿ ಅಂತ ಪಟ್ಟಿ ಬರುತ್ತದೆ. ಡೊಂಬಿವಿಲಿಯ ನಾಲ್ಕನೇ ಮಹಡಿಯಲ್ಲಿ ಕೂತವರಿಗೆ ಇದರಿಂದ ಏನು ಉಪಯೋಗ? ಹುಲ್ಲು ಇದ್ದರೆ ಗಣಪತಿ ಮಂಟಪ ಹಾಕುವ ಜಾಗದ ಪಕ್ಕ ಒಂದು ಚೂರು. ಅದಕ್ಕೂ ಮಾಲಿ ಇದ್ದಾರೆ.

ಮುಂಬೈಯಲ್ಲಿ ಹೆಚ್ಚುಕಡಿಮೆ ಎಲ್ಲ ಸಣ್ಣ ಕೆಲಸಕ್ಕೂ ಆಗಲೇ ಒಬ್ಬರು ಇರುತ್ತಾರೆ. ಬೆಳಿಗ್ಗೆ ಬಕೆಟ್ ಹಿಡಿದು ಕಾರು ಒರೆಸಲು ಬರುವವರು, ಗೇಟಿನ ಪಕ್ಕದ ಇಸ್ತ್ರಿಯವರು, ಪಾತ್ರೆ ತೊಳೆಯಲು ಬಾಯಿ (ಮನೆಗೆಲಸದಾಕೆ), ಹಳೇ ಪೇಪರಿಗೆ ರದ್ದಿವಾಲಾ. ಅವರ ಸಂಸಾರ ಅದರ ಮೇಲೇ ನಡೆಯುತ್ತದೆ. ನಿಮಗೊಂದು ಹೊಸ ಇಯರ್‌ಫೋನ್ ಬೇಕು ಅಂತ ಅರ್ಧ ರೇಟಿಗೆ ಕಾರು ತೊಳೆಯಲು ಹೊರಡಬೇಡಿ. ಅದು ಸರಿಯಲ್ಲ, ಜೊತೆಗೆ ನಾಲ್ಕು ದಿನಕ್ಕೆ ನಿಮಗೂ ಬೇಸರ ಬಂದು ಬಿಟ್ಟುಬಿಡುತ್ತೀರಿ.

ಹಾಗಾದರೆ ನಿಮಗೆ ಉಳಿದದ್ದು ಯಾವುದು? ಚಾವಿ ನಂಬಿ ಕೊಡಬೇಕಾದ ಕೆಲಸ. ಕನ್ನಡ, ಮರಾಠಿ ಎರಡೂ ಗೊತ್ತಿರಬೇಕಾದ ಕೆಲಸ. ದೊಡ್ಡವರಿಗೆ ಮಾಡಲು ಪುರುಸೊತ್ತಿಲ್ಲದ, ಹೊರಗಿನವರನ್ನು ಕರೆಯಲು ತೀರಾ ಚಿಕ್ಕದಾದ ಕೆಲಸ. ಇವು ವಾಚ್‌ಮನ್ ಹತ್ತಿರವೂ ಆಗುವುದಿಲ್ಲ, ಆ್ಯಪ್‌ನಲ್ಲೂ ಸಿಗುವುದಿಲ್ಲ. ಮನೆಯಲ್ಲಿ ತುಳುವೋ ಕನ್ನಡವೋ, ಕೆಳಗೆ ಆಡುವಾಗ ಮರಾಠಿ, ರಿಕ್ಷಾದವರ ಹತ್ತಿರ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಮಾತಾಡುವ ನಿಮ್ಮಂಥವರಿಗೆ ಹೇಳಿ ಮಾಡಿಸಿದ ಹಾಗಿವೆ.

ಮೊದಲು ವಯಸ್ಸಿನ ಲೆಕ್ಕ

ಈ ಭಾಗ ಅಪ್ಪ ಅಮ್ಮನೂ ಓದಲಿ. 1986ರ ಬಾಲಕಾರ್ಮಿಕ ಕಾನೂನಿಗೆ 2016ರಲ್ಲಿ ತಿದ್ದುಪಡಿ ಆಯಿತು. ಅದರ ಪ್ರಕಾರ 14 ತುಂಬದ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಮನೆಯವರದ್ದೇ ಅಂಗಡಿ, ವ್ಯವಹಾರ ಇದ್ದರೆ ಶಾಲೆ ಮುಗಿದ ಮೇಲೆ ಅಥವಾ ರಜೆಯಲ್ಲಿ ನೆರವಾಗಬಹುದು, ಅದೂ ಅಪಾಯದ ಕೆಲಸ ಆಗಿರಬಾರದು. 14ರಿಂದ 18ರ ನಡುವಿನವರನ್ನು ಗಣಿ, ಪಟಾಕಿಯಂಥ ಸ್ಫೋಟಕ, ಅಪಾಯಕಾರಿ ಕಾರ್ಖಾನೆ ಕೆಲಸಕ್ಕೆ ಹಚ್ಚುವಂತಿಲ್ಲ. ಅಂಗಡಿ, ಹೋಟೆಲಿನಂಥ ಕಡೆ ಇಟ್ಟುಕೊಂಡರೂ ಸತತ 3 ಗಂಟೆಗಿಂತ ಜಾಸ್ತಿ ದುಡಿಸುವಂತಿಲ್ಲ, ನಡುವೆ ಒಂದು ಗಂಟೆ ಬಿಡುವು ಕೊಡಬೇಕು, ಬಿಡುವೂ ಸೇರಿ ದಿನಕ್ಕೆ 6 ಗಂಟೆ ದಾಟಬಾರದು. ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸವೇ ಇಲ್ಲ. ವಾರಕ್ಕೊಂದು ರಜೆ ಕೊಡಲೇಬೇಕು.

ಚಿಕ್ಕ ವಯಸ್ಸಿಗೇ ಊರಿಂದ ಬಂದು ಉಡುಪಿ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಕನ್ನಡ ಶಾಲೆಗೆ ಹೋಗಿ ಓದಿದವರ ಕಥೆಯನ್ನು ಅಜ್ಜನ ಬಾಯಲ್ಲಿ ನೀವು ಕೇಳಿರಬಹುದು. ಅದು ಹೊಟ್ಟೆಪಾಡಿನ ಕಾಲ. ಇವತ್ತು ಆ ವಯಸ್ಸಿನ ಹುಡುಗನನ್ನು ಹಾಗೆ ಇಟ್ಟುಕೊಂಡರೆ ಮಾಲೀಕರ ಮೇಲೆ ಕೇಸು ಬೀಳುತ್ತದೆ. ಮದುವೆ ಹಾಲಿನಲ್ಲಿ ರಾತ್ರಿ ಊಟ ಬಡಿಸಲು ಹುಡುಗರು ಬೇಕು ಅಂತ ಯಾರಾದರೂ ಕರೆದರೆ ಈ 7 ಗಂಟೆಯ ಮಾತು ನೆನಪಿಟ್ಟುಕೊಳ್ಳಿ.

ಡೆಲಿವರಿ ಯೋಚನೆಯನ್ನು ಈಗಲೇ ಬಿಡಿ. ಫುಡ್ ಡೆಲಿವರಿ ಆ್ಯಪ್‌ಗಳು 18 ತುಂಬದವರನ್ನು ಸೇರಿಸಿಕೊಳ್ಳುವುದಿಲ್ಲ. ಅಪ್ಪನ ಸ್ಕೂಟರ್ ತೆಗೆದುಕೊಂಡು ನಾನೇ ಪಾರ್ಸೆಲ್ ತಲುಪಿಸುತ್ತೇನೆ ಅಂದರೆ, 2019ರ ಮೋಟಾರು ವಾಹನ ತಿದ್ದುಪಡಿಯಂತೆ ಮನೆಯ ಹಿರಿಯರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು.

ಇಲ್ಲಿ ಹೇಳುವ ಕೆಲಸಗಳೆಲ್ಲ 14 ದಾಟಿದವರಿಗೆ. ಅದರಲ್ಲೂ 9ನೇ ತರಗತಿಯಿಂದ ಜೂನಿಯರ್ ಕಾಲೇಜಿನವರೆಗಿನವರಿಗೆ. ಎಲ್ಲವೂ ನಿಮ್ಮ ಸೊಸೈಟಿಯಲ್ಲಿ ಅಥವಾ ನಡೆದು ಹೋಗುವಷ್ಟು ದೂರದಲ್ಲಿ. ಲೋಕಲ್ ಹತ್ತಿ ಹೋಗಬೇಕಾದ ಕೆಲಸ ಒಪ್ಪಿಕೊಳ್ಳಬೇಡಿ. ಹೋಗಿ ಬರುವುದರಲ್ಲೇ ಸಂಜೆ ಮುಗಿಯುತ್ತದೆ, ವಿದ್ಯಾರ್ಥಿ ಪಾಸೂ ಮನೆ ಮತ್ತು ಕಾಲೇಜಿನ ನಡುವೆ ಮಾತ್ರ ನಡೆಯುತ್ತದೆ.

ಒಂದು ವಾರ ಬರೀ ನೋಡಿ

"ನಾನು ಏನು ಮಾಡಬಲ್ಲೆ" ಅಂತ ಯೋಚಿಸುತ್ತ ಕೂರುವುದಕ್ಕಿಂತ "ನಮ್ಮ ಬಿಲ್ಡಿಂಗಿನಲ್ಲಿ ಯಾರಿಗೆ ಏನು ತೊಂದರೆ" ಅಂತ ನೋಡುವುದು ಲಾಭ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಯಾರ ಮನೆಯಲ್ಲಿ ವಯಸ್ಸಾದವರು ಹಗಲಿಡೀ ಒಬ್ಬರೇ ಇರುತ್ತಾರೆ? ಯಾರ ಮನೆಯಲ್ಲಿ ನಾಯಿ ಇದೆ, ಅದನ್ನು ಸಂಜೆ ಯಾರು ಇಳಿಸುತ್ತಾರೆ? ಒಂದನೇ ಎರಡನೇ ತರಗತಿಯ ಮಕ್ಕಳು ಎಲ್ಲಿದ್ದಾರೆ? ಬೆಂಗಳೂರಿಂದಲೋ ಹುಬ್ಬಳ್ಳಿಯಿಂದಲೋ ಹೊಸದಾಗಿ ಬಾಡಿಗೆಗೆ ಬಂದವರು ಯಾರು? ಯಾರ ಬಾಲ್ಕನಿಯಲ್ಲಿ ಗಿಡ ಜಾಸ್ತಿ? ಅರ್ಧ ಮಾಹಿತಿ ಅಮ್ಮನ ಹತ್ತಿರವೇ ಇರುತ್ತದೆ. ಉಳಿದರ್ಧ ವಾಚ್‌ಮನ್ ಕಾಕಾನ ಹತ್ತಿರ.

ಈ ನೋಟ್‌ಬುಕ್ಕನ್ನು ಯಾರಿಗೂ ತೋರಿಸಬೇಡಿ. ಯಾವ ಮನೆ ಯಾವಾಗ ಖಾಲಿ ಇರುತ್ತದೆ ಅನ್ನುವ ಪಟ್ಟಿ ಅದು.

ಮೇ ತಿಂಗಳು: ಊರಿಗೆ ಹೋದವರ ಮನೆ

ನನ್ನನ್ನು ಕೇಳಿದರೆ ಮುಂಬೈ ಕನ್ನಡಿಗರ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಬೇರೆ ಇಲ್ಲ. ಮೇ ಬಂತೆಂದರೆ ಅರ್ಧ ಬಿಲ್ಡಿಂಗ್ ಊರಿಗೆ ಹೊರಡುತ್ತದೆ. ನಮ್ಮವರು ಮತ್ಸ್ಯಗಂಧ ರೈಲು ಹತ್ತಿ ಉಡುಪಿ, ಮಂಗಳೂರಿಗೆ. ಮರಾಠಿಯವರು ಕೊಂಕಣದ ಗಾವ್‌ಗೆ. ಎರಡು ಮೂರು ವಾರ ಮನೆಗೆ ಬೀಗ. ತುಳಸಿ, ಕರಿಬೇವು, ದಾಸವಾಳಕ್ಕೆ ನೀರು ಹಾಕುವವರು ಯಾರು? ಮೀನಿನ ತೊಟ್ಟಿ? ಕೊರಿಯರ್ ಬಂದರೆ?

ನೀವೂ ಊರಿಗೆ ಹೋಗುವವರೇ ಆಗಿದ್ದರೆ ಈ ಕೆಲಸ ಆಗುವುದಿಲ್ಲ, ಸರಿ. ಆದರೆ 10ನೇ ತರಗತಿ ಮುಗಿಸಿ ಅಡ್ಮಿಷನ್‌ಗಾಗಿ ಇಲ್ಲೇ ಉಳಿಯುವವರು ತುಂಬಾ ಮಂದಿ ಇರುತ್ತಾರೆ.

ಕೇಳುವ ಸಮಯ ಮಾರ್ಚ್. ರೈಲು ಟಿಕೆಟ್ ಈಗ 60 ದಿನ ಮುಂಚೆ ಓಪನ್ ಆಗುತ್ತದೆ. ಮೇ ಮೊದಲ ವಾರ ಹೊರಡುವವರು ಮಾರ್ಚ್ ಮೊದಲ ವಾರವೇ ಬುಕ್ ಮಾಡಿರುತ್ತಾರೆ, ಅಂದರೆ ಅವರ ದಿನಾಂಕ ಗಟ್ಟಿ. ಏಪ್ರಿಲ್ ಕೊನೆಯವರೆಗೆ ಕಾದರೆ ಆಂಟಿ ಆಗಲೇ ಬಾಯಿಗೆ ಹೇಳಿಬಿಟ್ಟಿರುತ್ತಾರೆ.

ಹೊರಡುವ ಹಿಂದಿನ ದಿನ ಮನೆಯವರ ಜೊತೆ ಒಂದು ಸುತ್ತು ಹಾಕಿ. ಯಾವ ಗಿಡಕ್ಕೆ ಎಷ್ಟು ನೀರು ಅಂತ ಅವರ ಕೈಯಲ್ಲೇ ಹಾಕಿಸಿ ನೋಡಿ. ಮಣ್ಣಿಗೆ ಬೆರಳು ಚುಚ್ಚಿ ಒಣಗಿದ್ದರೆ ಮಾತ್ರ ಹಾಕುವುದು ವಾಸಿ. ಮನೆಯವರು ಇಲ್ಲದಾಗ ಗಿಡ ಸಾಯುವುದು ನೀರು ಕಮ್ಮಿಯಾಗಿ ಎಷ್ಟೋ, ಜಾಸ್ತಿಯಾಗಿಯೂ ಅಷ್ಟೇ. ಕುಂಡದ ಕೆಳಗೆ ತಟ್ಟೆ ಇದೆಯಾ ನೋಡಿ. ಇಲ್ಲದಿದ್ದರೆ ಗ್ರಿಲ್‌ನಿಂದ ಮಣ್ಣು ನೀರು ಕೆಳಗಿನವರ ಒಣಗಿದ ಬಟ್ಟೆ ಮೇಲೆ ಬಿದ್ದು, ಜಗಳ ನಿಮ್ಮ ಮನೆಯ ಬಾಗಿಲಿಗೆ ಬರುತ್ತದೆ. ಮೀನಿದ್ದರೆ ಒಂದೊಂದು ಸಲದ ಆಹಾರವನ್ನು ಮನೆಯವರೇ ಕಾಗದದ ಪೊಟ್ಟಣ ಕಟ್ಟಿ ಇಟ್ಟು ಹೋಗಲಿ. ಒಂದು ದಿನಕ್ಕೆ ಒಂದೇ ಪೊಟ್ಟಣ. ಹೊಸಬರು ಪಾಪ ಹಸಿದಿವೆ ಅಂತ ಜಾಸ್ತಿ ಹಾಕಿ ನೀರು ಕೆಡಿಸುತ್ತಾರೆ.

ನಲ್ಲಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ. ಹೊತ್ತು ಹೊತ್ತಿಗೆ ನೀರು ಬಿಡುವ ಬಿಲ್ಡಿಂಗಿನಲ್ಲಿ, ನೀರಿಲ್ಲದಾಗ ತೆರೆದ ನಲ್ಲಿಯನ್ನು ಮುಚ್ಚಲು ಮರೆತು ಹೋದರೆ ಸಂಜೆ ನೀರು ಬಂದಾಗ ಹಾಲ್ ಪೂರ್ತಿ ಕೆರೆ. ಗ್ಯಾಸಿನ ರೆಗ್ಯುಲೇಟರ್ ಬಂದ್ ಇದೆಯಾ, ಹಾಲು ಪೇಪರ್ ನಿಲ್ಲಿಸಿದ್ದಾರಾ, ಫ್ರಿಜ್ಜಿನಲ್ಲಿ ಏನಾದರೂ ಉಳಿದಿದೆಯಾ, ಎಲ್ಲ ಆಗಲೇ ಕೇಳಿ.

ಚಾವಿಯ ವಿಷಯದಲ್ಲಿ ಸ್ವಲ್ಪ ಕಟ್ಟುನಿಟ್ಟು ಬೇಕು. ಚಾವಿಗೆ ಫ್ಲ್ಯಾಟ್ ನಂಬರಿನ ಚೀಟಿ ಅಂಟಿಸಬೇಡಿ, ಬಣ್ಣದ ದಾರ ಕಟ್ಟಿ. ನಿಮ್ಮ ಮನೆಯಲ್ಲಿ ಒಂದೇ ಜಾಗ, ಅಮ್ಮನಿಗೂ ಗೊತ್ತಿರುವ ಜಾಗ. ಚಿನ್ನ, ಹಣದ ಕಪಾಟಿಗೆ ಬೀಗ ಹಾಕಿ ಆ ಚಾವಿ ತೆಗೆದುಕೊಂಡು ಹೋಗಿ ಅಂತ ನೀವೇ ಬಾಯಿ ಬಿಟ್ಟು ಹೇಳಿ. ಹೇಳಲು ಸಂಕೋಚ ಆಗಬಹುದು. ಆದರೆ ಅದು ನಿಮ್ಮ ರಕ್ಷಣೆಗೇ. ಒಳಗೆ ಹೋಗುವಾಗ ಅಮ್ಮನನ್ನೋ ಅಣ್ಣನನ್ನೋ ಕರೆದುಕೊಂಡು ಹೋಗಿ. ಫ್ರೆಂಡ್ಸ್ ಬೇಡವೇ ಬೇಡ, ಅವರ ಏಸಿ ಹಾಕಿಕೊಂಡು ಮ್ಯಾಚ್ ನೋಡುವುದೂ ಬೇಡ. ಪ್ರತಿ ಸಲ ಗಿಡದ ಒಂದು ಫೋಟೋ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ. ಊರಲ್ಲಿ ಜಗಲಿ ಮೇಲೆ ಕೂತ ಆಂಟಿ ಆ ಫೋಟೋವನ್ನು ನಾಲ್ಕು ಜನಕ್ಕೆ ತೋರಿಸುತ್ತಾರೆ. ಮುಂದಿನ ವರ್ಷದ ಜಾಹೀರಾತು ಅಲ್ಲೇ ಆಯಿತು.

ಜೂನ್: ಪುಸ್ತಕಕ್ಕೆ ಕವರ್

ಸ್ಟೇಟ್ ಬೋರ್ಡ್ ಶಾಲೆಗಳು ಜೂನ್ ನಡುವಿನಲ್ಲಿ ಶುರು. ಒಂದು ಮಗುವಿಗೆ ಪಠ್ಯಪುಸ್ತಕ, ನೋಟ್‌ಬುಕ್ ಎಲ್ಲ ಸೇರಿ ರಾಶಿ ಬೀಳುತ್ತದೆ. ಎಲ್ಲಕ್ಕೂ ಬ್ರೌನ್ ಪೇಪರ್ ಕವರ್, ಲೇಬಲ್, ಅದರ ಮೇಲೆ ಹೆಸರು. ರಾತ್ರಿ ಎಂಟೂವರೆಗೆ ಲೋಕಲ್ ಇಳಿದು ಬರುವ ಅಪ್ಪ ಅಮ್ಮನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ನಿಮಗೆ ಇದು ಫ್ಯಾನಿನ ಕೆಳಗೆ ಕೂತು ಮಾಡುವ ಕೆಲಸ. ಯಾರ ಮನೆಗೂ ಹೋಗಬೇಕಾಗಿಲ್ಲ.

ಮೊದಲು ನಿಮ್ಮದೇ ಹಳೇ ಪುಸ್ತಕಗಳಿಗೆ ಹಾಕಿ ಕೈ ಕೂರಿಸಿಕೊಳ್ಳಿ. ಒಂದು ರೋಲಿನಲ್ಲಿ ಎಷ್ಟು ಪುಸ್ತಕ ಆಗುತ್ತದೆ, ಒಂದಕ್ಕೆ ಎಷ್ಟು ನಿಮಿಷ ಹಿಡಿಯುತ್ತದೆ ಅಂತ ಬರೆದಿಟ್ಟುಕೊಳ್ಳಿ. ಟೇಪನ್ನು ಕಾಗದದ ಮೇಲೆ ಮಾತ್ರ ಹಚ್ಚಿ, ಪುಸ್ತಕದ ರಟ್ಟಿಗೆ ತಾಗಿಸಬೇಡಿ. ಮುಂದಿನ ವರ್ಷ ಆ ಪುಸ್ತಕ ಇನ್ನೊಬ್ಬರಿಗೆ ಹೋಗಬಹುದು. ಸ್ಟೇಪ್ಲರ್ ಪಿನ್ ಬೇಡ, ಚಿಕ್ಕ ಮಕ್ಕಳ ಕೈಗೆ ಚುಚ್ಚುತ್ತದೆ. ಹೆಸರಿನ ಸ್ಪೆಲ್ಲಿಂಗನ್ನು ಮನೆಯವರ ಕೈಯಲ್ಲೇ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಶೆಟ್ಟಿ, ಪೂಜಾರಿ, ಕುಲಕರ್ಣಿಗಳನ್ನೆಲ್ಲ ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಮಳೆಗಾಲ ಶುರುವಾಗಿರುತ್ತದೆ, ಆದ್ದರಿಂದ ಪುಸ್ತಕ ತರುವಾಗ ಕೊಡುವಾಗ ಪ್ಲಾಸ್ಟಿಕ್ ಚೀಲ ಇರಲಿ.

ವರ್ಷವಿಡೀ: ನಿಮ್ಮ ಎರಡು ಭಾಷೆ

ಮಹಾರಾಷ್ಟ್ರದಲ್ಲಿ 2020ರ ಕಾನೂನಿನಂತೆ ಯಾವ ಬೋರ್ಡಿನ ಶಾಲೆಯಾದರೂ ಮರಾಠಿ ಕಲಿಸಲೇಬೇಕು. ಕರ್ನಾಟಕದಿಂದ ವರ್ಗವಾಗಿ ಬಂದ ಮನೆಯ ಮಕ್ಕಳಿಗೆ ಇದು ದೊಡ್ಡ ತಲೆನೋವು. ಮರಾಠಿ ಟೀಚರ್ ಟ್ಯೂಷನ್ ಕೊಡಬಲ್ಲರು, ಆದರೆ ಮಗುವಿಗೆ ಅರ್ಥವಾಗದಿದ್ದರೆ ಕನ್ನಡದಲ್ಲಿ ಬಿಡಿಸಿ ಹೇಳುವವರು ಬೇಕಲ್ಲ? ಅದು ನೀವು.

ನಮ್ಮ ಮಕ್ಕಳು ಮುಖ್ಯವಾಗಿ ಎಡವುವುದು ಲಿಂಗದಲ್ಲಿ. ಕನ್ನಡದಲ್ಲಿ ಫ್ಯಾನು, ಕುರ್ಚಿ, ಮೇಜು ಎಲ್ಲವೂ "ಅದು". ಮರಾಠಿಯಲ್ಲಿ ತೋ ಪಂಖಾ, ತೀ ಖುರ್ಚೀ, ತೇ ಟೇಬಲ್. ಇದಕ್ಕೆ ನಿಯಮ ಹೇಳಿ ಪ್ರಯೋಜನ ಇಲ್ಲ. ಮನೆಯ ವಸ್ತುಗಳ ಮೇಲೆ ಮೂರು ಬಣ್ಣದ ಚೀಟಿ ಅಂಟಿಸಿ ಆಡಿಸಿ. ವಾರಕ್ಕೆ ಎರಡು ದಿನ ಉಕ್ತಲೇಖನ ಬರೆಸಿ. ಬಾಲಭಾರತಿಯ (ರಾಜ್ಯದ ಪಠ್ಯಪುಸ್ತಕ ಸಂಸ್ಥೆ) ಪಠ್ಯಪುಸ್ತಕಗಳ ಪಿಡಿಎಫ್ ಪುಕ್ಕಟೆ ಸಿಗುತ್ತದೆ, ಮಗುವಿನ ತರಗತಿಗಿಂತ ಒಂದು ತರಗತಿ ಕೆಳಗಿನ ಪುಸ್ತಕದಿಂದ ಶುರು ಮಾಡಿ. 40 ನಿಮಿಷ ಸಾಕು. ಅದಕ್ಕಿಂತ ಜಾಸ್ತಿ ಕೂರಿಸಿದರೆ ಮಗು ನಿಮ್ಮನ್ನು ನೋಡಿದರೆ ಅಡಗಿಕೊಳ್ಳುತ್ತದೆ.

ತಿರುಗಾ ಮುರುಗಾ ಕೆಲಸವೂ ಇದೆ. ಮುಂಬೈಯಲ್ಲೇ ಹುಟ್ಟಿದ ಎಷ್ಟೋ ಕನ್ನಡ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ. ನಿಮಗೆ ಬಂದರೆ ಕಲಿಸಿ. ಊರಿನ ಅಜ್ಜಿಗೆ ಒಂದು ಪತ್ರ ಬರೆಯುವಷ್ಟು ಕಲಿಸುತ್ತೇನೆ ಅಂತ ಹೇಳಿದರೆ ಅಪ್ಪ ಅಮ್ಮ ಬೇಡ ಅನ್ನುವುದು ಕಷ್ಟ.

ಹಿರಿಯರ ಜೊತೆ, ಅವರ ಫೋನಿನ ಜೊತೆ

ಕುಂದಾಪುರದಿಂದಲೋ ಧಾರವಾಡದಿಂದಲೋ ಮಗನ ಮನೆಗೆ ಬಂದು ಉಳಿದ ಅಜ್ಜ ಅಜ್ಜಿ ಪ್ರತಿ ಬಿಲ್ಡಿಂಗಿನಲ್ಲೂ ಇದ್ದಾರೆ. ಮಗ ಸೊಸೆ ಬೆಳಿಗ್ಗೆ ಹೋದರೆ ರಾತ್ರಿ ಬರುವುದು. ಹಿಂದಿ ಬಾರದು, ಮರಾಠಿ ಬಾರದು. ಬ್ಯಾಂಕಿಗೆ, ಮಾರ್ಕೆಟ್ಟಿಗೆ, ದೇವಸ್ಥಾನಕ್ಕೆ ಜೊತೆಗೆ ಹೋಗಲು ಒಬ್ಬರು ಬೇಕು. ಸಂಜೆ ಒಂದು ಗಂಟೆ, ವಾರಕ್ಕೆ ಎರಡು ಸಲ. ಮನೆಯವರೇ ಖುಷಿಯಿಂದ ಕೊಡುತ್ತಾರೆ. ರಸ್ತೆ ದಾಟುವಾಗ ನೀವು ಗಾಡಿ ಬರುವ ಕಡೆ ಇರಿ, ಅವರ ವೇಗಕ್ಕೆ ನಡೆಯಿರಿ, ಕಿವಿಯಲ್ಲಿ ಇಯರ್‌ಫೋನ್ ಬೇಡ. ಅವರನ್ನು ಎತ್ತುವುದು, ಇಂಜೆಕ್ಷನ್, ಮಾತ್ರೆ ಕೊಡುವುದು ನಿಮ್ಮ ಕೆಲಸ ಅಲ್ಲ. ಅದನ್ನು ಮೊದಲೇ ಹೇಳಿಬಿಡಿ.

ಫೋನ್ ಕಲಿಸುವುದು ಇದರ ಜೊತೆಗೇ ಬರುವ ಕೆಲಸ. ಮೊದಲು ಅಕ್ಷರ ದೊಡ್ಡದು ಮಾಡಿ, ಆಂಡ್ರಾಯ್ಡ್ ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿ. ಇಷ್ಟಕ್ಕೇ ಅರ್ಧ ಭಯ ಹೋಗುತ್ತದೆ. ಆಮೇಲೆ ಒಂದು ದಿನಕ್ಕೆ ಒಂದೇ ಪಾಠ: ಇವತ್ತು ವಿಡಿಯೋ ಕಾಲ್, ನಾಳಿದ್ದು ಫೋಟೋ ಕಳಿಸುವುದು, ಮುಂದಿನ ವಾರ ಕರೆಂಟ್ ಬಿಲ್. ಒಂದು ನೋಟ್‌ಬುಕ್ಕಿನಲ್ಲಿ ದೊಡ್ಡ ಅಕ್ಷರದಲ್ಲಿ ಹಂತಗಳನ್ನು ಬರೆದು ಕೊಡಿ. ಫೋನನ್ನು ನೀವು ಕಸಿದುಕೊಂಡು ಚಕಚಕ ಒತ್ತಿ ತೋರಿಸಿದರೆ ಅವರು ಏನೂ ಕಲಿಯುವುದಿಲ್ಲ. ಫೋನ್ ಅವರ ಕೈಯಲ್ಲೇ ಇರಲಿ.

ಹಣದ ಪಾಠಕ್ಕೆ ಬಂದಾಗ ಎಚ್ಚರ. ಪಿನ್ ಒತ್ತುವಾಗ ಮುಖ ಆ ಕಡೆ ತಿರುಗಿಸಿ, ಅವರಿಗೆ ಕಾಣುವ ಹಾಗೇ ತಿರುಗಿಸಿ. "ನೀನೇ ಒತ್ತು ಮಗಾ, ನನಗೆ ಕಾಣಲ್ಲ" ಅಂದರೂ ಒತ್ತಬೇಡಿ. ಓಟಿಪಿ ಓದಿ ಹೇಳಬೇಡಿ. ಮನೆಯವರು ಯಾರಾದರೂ ಇದ್ದಾಗಲೇ ಈ ಪಾಠ ಇಟ್ಟುಕೊಳ್ಳಿ. ನಾಳೆ ಅವರ ಖಾತೆಯಿಂದ ಹಣ ಹೋದರೆ ಮೊದಲ ಅನುಮಾನ ಫೋನ್ ಮುಟ್ಟಿದ ಹುಡುಗನ ಮೇಲೆ. ಜೊತೆಗೆ ಒಂದು ಮಾತು ಪುಸ್ತಕದ ಮೊದಲ ಪುಟದಲ್ಲೇ ಬರೆದುಕೊಡಿ: ಪೊಲೀಸರು ವಿಡಿಯೋ ಕಾಲಿನಲ್ಲಿ ಯಾರನ್ನೂ ಅರೆಸ್ಟ್ ಮಾಡುವುದಿಲ್ಲ, ಅಂಥ ಕಾಲ್ ಬಂದರೆ ಕಟ್ ಮಾಡಿ, ಮಗನಿಗೆ ಫೋನ್ ಮಾಡಿ.

ನವೆಂಬರ್‌ನಲ್ಲಿ ಪಿಂಚಣಿದಾರರು ತಾವು ಬದುಕಿದ್ದೇವೆ ಅನ್ನುವ ಜೀವಿತ ಪ್ರಮಾಣ ಪತ್ರ ಕೊಡಬೇಕು. ಕೇಂದ್ರ ಸರ್ಕಾರದ ಪಿಂಚಣಿದಾರರಲ್ಲಿ 80 ದಾಟಿದವರು ಅಕ್ಟೋಬರ್‌ನಲ್ಲೇ ಕೊಡಬಹುದು. ಈಗ ಜೀವನ್ ಪ್ರಮಾಣ್ ಆ್ಯಪ್‌ನಲ್ಲಿ ಮುಖ ತೋರಿಸಿ ಮನೆಯಲ್ಲೇ ಮುಗಿಸಬಹುದು. ಆಧಾರ್, ಪಿಪಿಒ (ಪಿಂಚಣಿ ಆದೇಶದ) ನಂಬರ್, ಬ್ಯಾಂಕ್ ಖಾತೆ ನಂಬರ್ ಮೊದಲೇ ತೆಗೆದಿಟ್ಟುಕೊಳ್ಳಲಿ. ಮುಖದ ಮೇಲೆ ಬೆಳಕು ಬೀಳುವ ಹಾಗೆ ಕಿಟಕಿಗೆ ಎದುರಾಗಿ ಕೂರಿಸಿ. ಬ್ಯಾಂಕಿನ ಕ್ಯೂ ತಪ್ಪಿಸಿದ ಹುಡುಗಿಯ ಹೆಸರು ವಾಕಿಂಗ್ ಟ್ರ್ಯಾಕಿನಲ್ಲಿ ಒಂದೇ ದಿನಕ್ಕೆ ಹರಡುತ್ತದೆ.

ಉಳಿದವು, ಚುಟುಕಾಗಿ

ನಾಯಿ ತಿರುಗಾಡಿಸುವುದು ಚೆನ್ನಾಗಿಯೇ ನಡೆಯುವ ಕೆಲಸ, ಆದರೆ ನಾಯಿಗಿಂತ ನಿಮಗೆ ಬಲ ಜಾಸ್ತಿ ಇರಬೇಕು. ರೇಬೀಸ್ ಲಸಿಕೆಯ ಕಾರ್ಡ್ ನೋಡಿಯೇ ಒಪ್ಪಿಕೊಳ್ಳಿ. ಹಗ್ಗ ಬಿಡಬೇಡಿ, ಕಕ್ಕ ಎತ್ತಲು ಚೀಲ ಇರಲಿ, ಮಧ್ಯಾಹ್ನದ ಡಾಂಬರಿಗೆ ಅದರ ಪಾದ ಸುಡುತ್ತದೆ. ಗೇಟಿನ ಹೊರಗಿನ ಬೀದಿ ನಾಯಿಗಳಿಂದ ದೂರ. ಕಚ್ಚಿದರೆ ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ತಕ್ಷಣ ಡಾಕ್ಟರ ಹತ್ತಿರ ಹೋಗಬೇಕು. ಚಿಕ್ಕ ಗೀರು ಅಂತ ಮುಚ್ಚಿಡಬೇಡಿ.

ಗಣಪತಿಗೆ ಮಖರದ (ಮೂರ್ತಿ ಕೂರಿಸುವ ಮಂಟಪ) ಅಲಂಕಾರ, ದೀಪಾವಳಿಗೆ ಕಂದೀಲು, ರಂಗೋಲಿ. ಕೈಯಲ್ಲಿ ಕಲೆ ಇದ್ದರೆ ಎರಡು ವಾರದ ಒಳ್ಳೆಯ ಸಂಪಾದನೆ. ಹಿಂದೆ ಮಾಡಿದ್ದರ ಫೋಟೋ ಇಟ್ಟುಕೊಳ್ಳಿ. ಏಣಿ ಹತ್ತುವುದು, ಕಿಟಕಿಯ ಹೊರಗೆ ಬಗ್ಗುವುದು, ಕರೆಂಟಿನ ವೈರ್ ಜೋಡಿಸುವುದು ದೊಡ್ಡವರಿಗೆ ಬಿಡಿ.

ಕನ್ನಡ ಸಂಘಗಳಿಗೆ ಟೈಪಿಂಗ್ ಮಾಡುವವರು ಬೇಕಾಗುತ್ತಾರೆ: ಆಮಂತ್ರಣ, ಸದಸ್ಯರ ಪಟ್ಟಿ, ಸ್ಮರಣ ಸಂಚಿಕೆಯ ಲೇಖನ. ಹಿರಿಯ ಲೇಖಕರು ಕೈಬರಹದಲ್ಲೇ ಕೊಡುತ್ತಾರೆ. ಯೂನಿಕೋಡ್ ಕನ್ನಡದಲ್ಲಿ ತಪ್ಪಿಲ್ಲದೆ ಟೈಪ್ ಮಾಡಬಲ್ಲ ಹದಿನಾರರ ಹುಡುಗ ಹುಡುಗಿಯರು ಮುಂಬೈಯಲ್ಲಿ ಅಪರೂಪ. ಕಲಿತರೆ ಪೈಪೋಟಿಯೇ ಇಲ್ಲ.

ದುಡ್ಡು ಕೇಳುವ ಸಂಕೋಚ

ನಿಜವಾದ ಕಷ್ಟ ಇದೇ. "ನಮ್ಮವರೇ ಅಲ್ವಾ" ಅನ್ನುವ ಒಂದು ಮಾತಿಗೆ ಎಷ್ಟೋ ಕೆಲಸ ಪುಕ್ಕಟೆ ಆಗಿಬಿಡುತ್ತದೆ. ಆದ್ದರಿಂದ ರೇಟನ್ನು ಕೆಲಸಕ್ಕೆ ಮುಂಚೆ ಹೇಳಬೇಕು, ನಗುತ್ತ ಹೇಳಬೇಕು.

"ಆಂಟಿ, ಊರಿಗೆ ಹೋದಾಗ ಗಿಡಕ್ಕೆ ನಾನು ನೀರು ಹಾಕ್ತೀನಿ. ಎರಡು ದಿನಕ್ಕೊಂದು ಸಲ, ಒಂದು ಸಲಕ್ಕೆ 60 ರೂಪಾಯಿ. ಫೋಟೋ ಕಳಿಸ್ತೀನಿ."

"ಅಯ್ಯೋ ಮಾರಾಯ, ನೀರು ಹಾಕೋದಕ್ಕೂ ದುಡ್ಡಾ?"

"ಎರಡು ದಿನ ಆದ್ರೆ ಸುಮ್ನೆ ಹಾಕ್ತೀನಿ ಆಂಟಿ. ಮೂರು ವಾರ ಅಂದ್ರೆ ಮರೆಯೋ ಹಾಗಿಲ್ಲ, ಜವಾಬ್ದಾರಿ ಅಲ್ವಾ? ಅಮ್ಮನಿಗೂ ಹೇಳಿದ್ದೀನಿ."

ಇಷ್ಟು ಸಾಕು. ಆಮೇಲೂ ಕೊಡುವುದಿಲ್ಲ ಅಂದರೆ ಮನಸ್ಸು ಕೆಡಿಸಿಕೊಳ್ಳದೆ ಮುಂದಿನ ಮನೆಗೆ ಹೋಗಿ. ಸ್ವಂತ ಅಜ್ಜಿ, ಚಿಕ್ಕಮ್ಮ, ಮಾಮನ ಹತ್ತಿರ ಮಾತ್ರ ರೇಟು ಹೇಳಬೇಡಿ. ಅದು ನಮ್ಮ ಕಡೆ ಒಪ್ಪುವ ಮಾತಲ್ಲ.

ಎಷ್ಟು ಕೇಳುವುದು? ಮೊದಲು ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ. ಲೆಕ್ಕ ತೋರಿಸಲು ಒಂದು ಉದಾಹರಣೆ: 30 ಪುಸ್ತಕಕ್ಕೆ ಕವರ್, ಒಂದಕ್ಕೆ 5 ನಿಮಿಷ, ಒಟ್ಟು ಎರಡೂವರೆ ಗಂಟೆ. ಪುಸ್ತಕಕ್ಕೆ 8 ರೂಪಾಯಿ ಅಂದರೆ 240. ಪೇಪರ್, ಲೇಬಲ್ ಅವರೇ ಕೊಟ್ಟರೆ ಇದು ಪೂರ್ತಿ ನಿಮ್ಮದು. ನೀವೇ ತಂದರೆ ಅಂಗಡಿಯ ಬಿಲ್ ಬೇರೆ ಕೊಡಿ. ಶುರುವಿನಲ್ಲಿ ಸ್ವಲ್ಪ ಕಮ್ಮಿ ಇಟ್ಟರೂ ಪರವಾಗಿಲ್ಲ, ಆದರೆ ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಇನ್ನೊಂದು ಹೇಳಬೇಡಿ. ಲಿಫ್ಟಿನಲ್ಲಿ ಇಬ್ಬರೂ ಮಾತಾಡಿಕೊಳ್ಳುತ್ತಾರೆ.

ಸೊಸೈಟಿ ಗ್ರೂಪಿನಲ್ಲಿ ಹಾಕುವ ಮೆಸೇಜ್ ಚಿಕ್ಕದಿರಲಿ. ಹಾಕುವುದು ಅಪ್ಪ ಅಮ್ಮನ ನಂಬರಿನಿಂದ, ಸೆಕ್ರೆಟರಿಗೆ ಒಂದು ಮಾತು ಹೇಳಿಯೇ. "ನಮಸ್ಕಾರ. ಬಿ ವಿಂಗಿನ ನಮ್ಮ ಮಗಳು, 11ನೇ ತರಗತಿ, ಶಾಲೆ ಪುಸ್ತಕಗಳಿಗೆ ಕವರ್ ಹಾಕಿ ಲೇಬಲ್ ಬರೆದು ಕೊಡುತ್ತಾಳೆ. ಪುಸ್ತಕಕ್ಕೆ 8 ರೂಪಾಯಿ. ಎರಡು ದಿನದಲ್ಲಿ ವಾಪಸ್." ಇದನ್ನೇ ಮರಾಠಿಯಲ್ಲೂ ಬರೆಯಿರಿ. ಒಂದು ಸಲಕ್ಕೆ ಒಂದೇ ಕೆಲಸದ ಹೆಸರು ಹಾಕಿ. ಹತ್ತು ಕೆಲಸ ಒಟ್ಟಿಗೆ ಹಾಕಿದರೆ ಯಾರ ನೆನಪಿನಲ್ಲೂ ಉಳಿಯುವುದಿಲ್ಲ.

ಹಣ ಬಂದ ಮೇಲೆ

10 ವರ್ಷ ದಾಟಿದ ಮಕ್ಕಳು ಉಳಿತಾಯ ಖಾತೆಯನ್ನು ತಾವೇ ತೆರೆದು ನಡೆಸಬಹುದು ಅಂತ ರಿಸರ್ವ್ ಬ್ಯಾಂಕ್ 2025ರಲ್ಲಿ ಮತ್ತೆ ಸ್ಪಷ್ಟಪಡಿಸಿದೆ. ಎಷ್ಟು ಹಣದವರೆಗೆ, ಕಾರ್ಡ್ ಕೊಡುವುದೋ ಬೇಡವೋ ಅನ್ನುವುದು ಆಯಾ ಬ್ಯಾಂಕಿಗೆ ಬಿಟ್ಟದ್ದು. ಖಾತೆ ಆಗುವವರೆಗೆ ನಗದು ತೆಗೆದುಕೊಳ್ಳಿ, ಇಲ್ಲವೇ ಅಮ್ಮನ ಯುಪಿಐಗೆ ಹಾಕಿಸಿ. ತಾರೀಕು, ಮನೆ, ಕೆಲಸ, ಬಂದದ್ದು, ಖರ್ಚು, ಇಷ್ಟನ್ನು ಬರೆದಿಡಿ. ಸ್ವಂತ ದುಡಿಮೆಯ, ಕೌಶಲದ ಹಣವನ್ನು ಅಪ್ಪ ಅಮ್ಮನ ಆದಾಯಕ್ಕೆ ಸೇರಿಸುವುದಿಲ್ಲ. ಈ ಮಟ್ಟದ ಮೊತ್ತಕ್ಕೆ ತೆರಿಗೆಯ ಚಿಂತೆಯೂ ಇಲ್ಲ.

ಖಾತೆ ಆದ ಮೇಲೆ ಹೊಸ ಅಪಾಯ ಶುರು. "ನಿನ್ನ ಅಕೌಂಟಿಗೆ ಹಣ ಬರುತ್ತೆ, ತೆಗೆದು ಕೊಡು, ಕಮಿಷನ್ ಇಟ್ಕೋ" ಅಂತ ಕಾಲೇಜು ಹುಡುಗರನ್ನು ಹಿಡಿಯುವವರಿದ್ದಾರೆ. ಅದು ಮೋಸದ ಹಣ, ಪೊಲೀಸರು ಬರುವುದು ಖಾತೆ ಯಾರ ಹೆಸರಲ್ಲಿದೆಯೋ ಅವರ ಮನೆಗೆ. ವಿಡಿಯೋಗೆ ಲೈಕ್ ಒತ್ತಿ ಸಂಪಾದಿಸಿ, ಡೇಟಾ ಎಂಟ್ರಿಗೆ ಮೊದಲು 500 ಡಿಪಾಸಿಟ್ ಕಟ್ಟಿ, ಇವೆಲ್ಲ ಅದೇ ಜಾತಿ. ಕೆಲಸ ಕೊಡುವವರು ನಿಮ್ಮ ಹತ್ತಿರ ದುಡ್ಡು ಕೇಳಿದರೆ ಅಲ್ಲಿಗೆ ಮುಗಿಯಿತು. ಸಿಕ್ಕಿಬಿದ್ದಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಮನೆಯಲ್ಲಿ ಹೇಳಿ.

ಬಾಗಿಲು ತೆರೆದಿರಲಿ

ಯಾರ ಮನೆಗೆ ಹೋದರೂ, ಎಷ್ಟೇ ಪರಿಚಯ ಇದ್ದರೂ, ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್ ಅಂತ ಮನೆಯಲ್ಲಿ ಹೇಳಿ ಹೋಗಿ. ಹೊಸ ಮನೆಗೆ ಮೊದಲ ಸಲ ಅಮ್ಮನೋ ಅಪ್ಪನೋ ಜೊತೆಗೆ ಬಂದು ಮಾತಾಡಲಿ. ಪಾಠ ಹೇಳುವುದು ಹಾಲಿನಲ್ಲಿ, ಬಾಗಿಲು ತೆರೆದು. ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವುದಾದರೆ ದೊಡ್ಡವರು ಒಬ್ಬರು ಮನೆಯಲ್ಲಿ ಇರಲೇಬೇಕು. ಒಳಗಿನ ಕೋಣೆಯಲ್ಲಿ ತಾಯಿ ಆಫೀಸಿನ ಮೀಟಿಂಗ್‌ನಲ್ಲಿ ಇದ್ದರೂ ನಡೆಯುತ್ತದೆ. ಯಾರದ್ದೋ ಮಾತು, ಮುಟ್ಟುವ ರೀತಿ ಸರಿ ಕಾಣದಿದ್ದರೆ ಕಾರಣ ಹೇಳುತ್ತ ನಿಲ್ಲಬೇಡಿ. ಚಪ್ಪಲಿ ಹಾಕಿಕೊಂಡು ಹೊರಡಿ. "ಅಷ್ಟು ದೊಡ್ಡ ಮನುಷ್ಯರ ಬಗ್ಗೆ ಹೇಗೆ ಹೇಳೋದು" ಅಂತ ಯೋಚಿಸದೆ ಮನೆಯಲ್ಲಿ ಹೇಳಿ. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112. ಎರಡೂ ಪುಕ್ಕಟೆ.

ನಿಲ್ಲಿಸುವುದೂ ಒಂದು ಕೆಲಸ

10ನೇ, 12ನೇ ತರಗತಿಯ ಬೋರ್ಡ್ ಪರೀಕ್ಷೆ ಫೆಬ್ರವರಿ, ಮಾರ್ಚ್‌ನಲ್ಲಿ. ಆ ವರ್ಷ ದೀಪಾವಳಿಯ ಹೊತ್ತಿಗೇ ಎಲ್ಲರಿಗೂ "ಡಿಸೆಂಬರ್ ನಂತರ ಇಲ್ಲ" ಅಂತ ಹೇಳಿಬಿಡಿ. ಜನವರಿಯಲ್ಲಿ ಒಮ್ಮೆಲೇ ಕೈ ಎತ್ತಿದರೆ ಅಜ್ಜಿಯ ವಾಕಿಂಗೂ ನಿಂತುಹೋಗುತ್ತದೆ, ನಾಯಿಗೂ ತೊಂದರೆ. ನಿಮಗಿಂತ ಒಂದೆರಡು ವರ್ಷ ಚಿಕ್ಕವರು, ಆದರೆ 14 ದಾಟಿದವರು, ಯಾರಾದರೂ ಇದ್ದರೆ ಒಂದು ವಾರ ಜೊತೆಗೆ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿ. ಮರಾಠಿ ಕಲಿಯುತ್ತಿರುವ ಮಗು ಯಾವ ಪಾಠದವರೆಗೆ ಬಂದಿದೆ, ಅಜ್ಜನಿಗೆ ಫೋನಿನಲ್ಲಿ ಯಾವುದು ಇನ್ನೂ ಬರುವುದಿಲ್ಲ, ನಾಯಿ ಯಾವ ಬೈಕಿಗೆ ಬೊಗಳುತ್ತದೆ, ಒಂದು ಹಾಳೆಯಲ್ಲಿ ಬರೆದು ಕೊಡಿ. ಚಾವಿಗಳನ್ನು ಮಾತ್ರ ಅವರ ಕೈಗೆ ಕೊಡಬೇಡಿ. ಒಂದೊಂದನ್ನೂ ಆಯಾ ಮನೆಯವರಿಗೇ ವಾಪಸ್ ಕೊಟ್ಟು, ನಿಮ್ಮ ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಅವರ ಸಹಿ ತೆಗೆದುಕೊಳ್ಳಿ. ಹೊಸಬರಿಗೆ ಕೊಡುವುದೋ ಬೇಡವೋ ಮನೆಯವರು ನೋಡಿಕೊಳ್ಳುತ್ತಾರೆ.